ಕಲ್ಲಚ್ಚಿನ ಊರಿನಲ್ಲಿ ಒಬ್ಬ ಬ್ಲಾಗಿಗ

ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ವೃತ್ತದ ಕಡೆಗೆ ಏರು ಹತ್ತಿದರೆ ಬಲ್ಮಠ. ಚಿನ್ನದಂಗಡಿ, ಆಸ್ಪತ್ರೆ, ಬಟ್ಟೆ ಮಳಿಗೆಗಳ ಗದ್ದಲದ ಮಧ್ಯೆ ಹಳೇ ಮರಗಳ ನೆರಳಿರುವ ಒಂದು ವಿಶಾಲ ಆವರಣ. ಚರ್ಚು, ಥಿಯೋಲಾಜಿಕಲ್ ಕಾಲೇಜು, ಕೆಂಪು ಹೆಂಚಿನ ಮಾಡುಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಇಲ್ಲಿ ಒಂದು ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಎರಡು ವರ್ಷ ಕಳೆದು, 1843ರ ಜುಲೈ 1ರಂದು, ಹೆರ್ಮನ್ ಮೋಗ್ಲಿಂಗ್ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನವಾದದ್ದು ಅದರಿಂದಲೇ.

ಅದೇ ಜುಲೈ 1ಕ್ಕೆ ನಮ್ಮಂಥ ಬ್ಲಾಗಿಗರ ಮನಸ್ಸಿನಲ್ಲಿ ಇನ್ನೊಂದು ನೆನಪಿದೆ. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿತು. ಯಾರ ಬ್ಲಾಗಿನಲ್ಲಿ ಹೊಸತು ಬಂದರೂ ತಾನಾಗಿ ಒಂದೇ ಕಡೆ ತಂದು ಓದಿಸುತ್ತಿದ್ದ ಸೌಲಭ್ಯ ಅದು. ಮೋಗ್ಲಿಂಗರ ಪತ್ರಿಕೆ ಬಂದು ಸರಿಯಾಗಿ 170 ವರ್ಷಕ್ಕೆ ಅದು ನಿಂತದ್ದು ಬರೀ ಕಾಕತಾಳೀಯ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ. ಆದರೆ ಕನ್ನಡದಲ್ಲಿ ಬ್ಲಾಗ್ ಬರೆಯುವವರ ಒಂದು ಕಾಲ ಅಲ್ಲಿಗೆ ಸಡಿಲವಾಯಿತು ಎಂಬುದು ನನ್ನ ಅನುಭವ. ಓದುಗರು ಫೇಸ್‌ಬುಕ್ಕಿಗೆ ಹೋದರು, ಆಮೇಲೆ ವಾಟ್ಸಾಪಿಗೆ. ಬರಹಗಾರರೂ ಹಿಂದೆಯೇ ಹೋದರು. ಹೋಗದೆ ಉಳಿದ ಕೆಲವರಲ್ಲಿ ನಾನೂ ಒಬ್ಬ. ಕನ್ನಡದಲ್ಲಿ ಸ್ವಂತ ಖರ್ಚಿನಲ್ಲಿ, ಸ್ವಂತ ಉಮೇದಿನಲ್ಲಿ ಬರೆದು ಹಂಚುವ ಹಂಬಲ ಎಲ್ಲೆಲ್ಲಿ ಬೇರುಬಿಟ್ಟಿತ್ತೋ ಆ ಜಾಗಗಳನ್ನು ಕಾಲಾರೆ ನಡೆದು ನೋಡಬೇಕೆಂದು ಬಹಳ ಕಾಲದಿಂದ ಆಸೆಯಿತ್ತು. ಮಳೆಗಾಲದಲ್ಲಿ ಹೊರಟೆ.

ಬೆಂಗಳೂರಿನಿಂದ ಹಗಲು ರೈಲು. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಸೇರುವ ತನಕದ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಒಂದೊಂದು ಸುರಂಗಕ್ಕೂ ಫೋನಿನ ಸಿಗ್ನಲ್ ಹೋಗುತ್ತದೆ. ಎಷ್ಟೋ ಕಡೆ ಸುರಂಗದ ಹೊರಗೂ ಇರುವುದಿಲ್ಲ. ಎದುರಿನ ಸೀಟಿನ ಹುಡುಗ ನೋಡುತ್ತಿದ್ದ ವಿಡಿಯೊ ನಿಂತುಹೋಗಿ, ಕಿಟಕಿಯ ಕಡೆ ತಿರುಗಿ, ಆಮೇಲೆ ಸುಬ್ರಹ್ಮಣ್ಯದ ತನಕ ಕಾಡನ್ನೇ ನೋಡುತ್ತ ಕೂತ. ಅಬ್ಬಿ ಬಂದಾಗಲೆಲ್ಲ ಡಬ್ಬಿಯಿಡೀ ಕೂಗುತ್ತಿತ್ತು.

ಫೋನು ಸುಮ್ಮನಾದ ಆ ದಾರಿಯಲ್ಲಿ ಹಳೆಯದು ನೆನಪಾಯಿತು. ನಾನು ಬ್ಲಾಗ್ ಶುರು ಮಾಡಿದ ಹೊಸತರಲ್ಲಿ ಬರೆಯುತ್ತಿದ್ದುದು ಹೆಚ್ಚಾಗಿ ಜಾಲದ ಸೋಜಿಗಗಳ ಬಗ್ಗೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟಿದ್ದರು. ಬೇರೆ ಕೋಣೆಗಳಲ್ಲಿ ಕೂತವರು ಎದ್ದು ಬಂದು ಖಾಲಿ ಪಾತ್ರೆ ನೋಡಿ ಹಿಂದಿರುಗುವುದು ತಪ್ಪಲಿ ಎಂದು 1991ರಲ್ಲಿ ಮಾಡಿಕೊಂಡ ಏರ್ಪಾಡು. 1993ರಲ್ಲಿ ಅದು ವರ್ಲ್ಡ್ ವೈಡ್ ವೆಬ್ಬಿಗೆ ಬಂದದ್ದೇ ತಡ, ಲೋಕದ ಮೂಲೆಮೂಲೆಯ ಜನ ಆ ಪಾತ್ರೆಯಲ್ಲಿ ಕಾಫಿ ಇದೆಯೇ ಎಂದು ಇಣುಕತೊಡಗಿದರು. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾ ಆರಿಸಿದರು. ಇಂಗ್ಲೆಂಡಿನ ಒಬ್ಬ ವಿದ್ಯಾರ್ಥಿ, ಅಲೆಕ್ಸ್ ಟ್ಯೂ, ಕಾಲೇಜು ಖರ್ಚಿಗೆಂದು 2005ರಲ್ಲಿ ಒಂದು ಪುಟ ಮಾಡಿ ಅದರ ಹತ್ತು ಲಕ್ಷ ಚುಕ್ಕೆಗಳನ್ನು ತಲಾ ಒಂದು ಡಾಲರಿಗೆ ಮಾರಿದ. ಆ ಪುಟ ಈಗಲೂ ಇದೆ. ಆದರೆ ಅದರ ಮೇಲಿನ ಜಾಹೀರಾತುಗಳನ್ನು ಒತ್ತಿ ನೋಡಿದರೆ ಎಷ್ಟೋ ಕೊಂಡಿಗಳು ಎಲ್ಲಿಗೂ ಒಯ್ಯುವುದಿಲ್ಲ. ಇಂಥವನ್ನು ಕನ್ನಡದಲ್ಲಿ ಬರೆದಾಗ ತೀರ್ಥಹಳ್ಳಿಯಿಂದಲೋ ಮಸ್ಕತ್ತಿನಿಂದಲೋ ಯಾರೋ ಒಬ್ಬರು ಓದಿ ಎರಡು ಸಾಲು ಬರೆದು ಕಳಿಸುತ್ತಿದ್ದರು. ಆ ಎರಡು ಸಾಲಿನ ಖುಷಿ ದೊಡ್ಡದು. ಬೆಳಗಿನ ತನಕ ಕೂತು ಮುಂದಿನದನ್ನು ಬರೆಯಲು ಅಷ್ಟು ಸಾಕಾಗುತ್ತಿತ್ತು.

ಬಲ್ಮಠದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಮಂಗಳೂರ ಸಮಾಚಾರ’ದ ಮೊದಲ ಪುಟದ ನಕಲು. ಅದರಲ್ಲಿರುವುದು ಅಚ್ಚುಮೊಳೆಯ ಅಕ್ಷರಗಳಲ್ಲ, ಕೈಬರಹ. ಯಾರೋ ಒಬ್ಬ ಕುಶಲಿ ಸಾಲು ಓರೆಯಾಗದಂತೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ದುಂಡಗೆ ಬರೆದದ್ದು. ತಲೆಬರಹದ ಕೆಳಗೆ ತಾರೀಕು, ಪುಟಗಳ ಲೆಕ್ಕ, ಕ್ರಯ. ಓದುತ್ತ ಹೋದರೆ ಒಂದು ಅಕ್ಷರ ಪಕ್ಕದ ಅದೇ ಅಕ್ಷರಕ್ಕಿಂತ ಕೊಂಚ ಬೇರೆಯಾಗಿ ಕಾಣುತ್ತದೆ. ಬರೆದವನ ಕೈ ಎಲ್ಲಿ ನಿಧಾನಿಸಿತು, ಎಲ್ಲಿ ಅವಸರಿಸಿತು ಎಂದು ಊಹಿಸಬಹುದು.

ಕಲ್ಲಚ್ಚು ಸರಳವೂ ಹೌದು, ಬಹಳ ಜಾಣತನದ್ದೂ ಹೌದು. 1796ರಲ್ಲಿ ಮ್ಯೂನಿಕ್‌ನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದದ್ದು. ನಯಗೊಳಿಸಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಶಾಯಿಯಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಬರೆಯಬೇಕು. ಇಲ್ಲವೇ ಬೇರೆ ಕಾಗದದ ಮೇಲೆ ನೇರವಾಗಿ ಬರೆದು ಕಲ್ಲಿಗೆ ಒತ್ತಿ ಇಳಿಸಬೇಕು. ಮೇಲೆ ಗೋಂದು, ಆಮ್ಲ ಬೆರೆಸಿದ ನೀರು ಬಳಿಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿದರೆ ಬರೆಯದ ಜಾಗ ನೀರು ಹಿಡಿದುಕೊಳ್ಳುತ್ತದೆ, ಬರೆದ ಜಾಗ ನೀರನ್ನು ಒಲ್ಲದು. ಎಣ್ಣೆಮಸಿಯ ಉರುಳೆ ಹಾಯಿಸಿದಾಗ ಮಸಿ ಅಕ್ಷರಕ್ಕಷ್ಟೇ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ. ಮತ್ತೆ ನೀರು, ಮತ್ತೆ ಮಸಿ, ಮತ್ತೊಂದು ಪ್ರತಿ.

ಇದು ಕನ್ನಡಕ್ಕೆ ಹೇಳಿ ಮಾಡಿಸಿದ ವಿಧಾನ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡಕ್ಕೆ ಬೇಕಾಗುವ ಅಚ್ಚುಮೊಳೆಗಳು ನೂರಾರು. ಅವನ್ನು ಕೊರೆಸಿ ಎರಕ ಹೊಯ್ಯಿಸುವುದಕ್ಕೆ ವರ್ಷಗಳೇ ಬೇಕು, ಹಣ ಬೇಕು. ಕಲ್ಲಿಗೆ ಬೇಕಾದದ್ದು ಚೆನ್ನಾಗಿ ಬರೆಯಬಲ್ಲ ಒಂದು ಕೈ. ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಯುರೋಪಿನಿಂದ ಹೊಸ ಕನ್ನಡ ಮೊಳೆಗಳೊಂದಿಗೆ ಮಂಗಳೂರಿಗೆ ಬಂದದ್ದು 1851ರಲ್ಲಿ. ಮೋಗ್ಲಿಂಗ್ ಅಲ್ಲಿಯವರೆಗೆ ಕಾಯಲಿಲ್ಲ. ಇದ್ದ ಸಾಧನದಲ್ಲೇ ಶುರು ಮಾಡಿದರು. ನನಗೆ ಅವರ ಮೇಲೆ ಅತ್ಯಂತ ಗೌರವ ಮೂಡುವುದು ಈ ಕಾರಣಕ್ಕೆ.

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಅವರೂ ಬಚ್ಚಿಡಲಿಲ್ಲ, ನಾವೂ ಮರೆಯಬೇಕಿಲ್ಲ. ಆದರೆ ಆ ನಾಲ್ಕು ಪುಟಗಳಲ್ಲಿ ಅವರು ಊರ ಸುದ್ದಿ, ಕಂಪನಿ ಸರ್ಕಾರದ ಆಜ್ಞೆಗಳು, ಪರದೇಶದ ವರ್ತಮಾನ, ಕಥೆ, ಗಾದೆ, ದಾಸರ ಪದ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿದರು. ಒಬ್ಬ ಮನುಷ್ಯನಿಗೆ ಕುತೂಹಲ ಕೆರಳಿಸಿದ್ದೆಲ್ಲ ಅಲ್ಲಿದೆ. ಬ್ಲಾಗ್ ಬರೆದವರಿಗೆ ಈ ಮನಸ್ಥಿತಿ ಚೆನ್ನಾಗಿ ಗೊತ್ತು: ಇವತ್ತು ಮಳೆ, ನಾಳೆ ಚುನಾವಣೆ, ನಾಳಿದ್ದು ಎಲ್ಲೋ ಓದಿದ ವಿಚಿತ್ರ. ವಿಷಯಕ್ಕೊಂದು ಕೋಣೆ ಕಟ್ಟದೆ ಬರೆಯುವ ಸ್ವಾತಂತ್ರ್ಯ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಅಚ್ಚುಮೊಳೆಯಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಬರತೊಡಗಿತು. ಹೆಚ್ಚು ಕಾಲ ಬಾಳಲಿಲ್ಲ. ಮೋಗ್ಲಿಂಗ್ ಮಾತ್ರ ಸುಮ್ಮನೆ ಕೂರಲಿಲ್ಲ. ನೀಲಗಿರಿಯಲ್ಲಿದ್ದ ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿದರು. ಓಲೆಗರಿಯಲ್ಲಿ, ಜನರ ಬಾಯಲ್ಲಿ ಇದ್ದದ್ದು ಪುಸ್ತಕಕ್ಕೆ ಬಂತು.

ಈ ಎಲ್ಲವನ್ನೂ ಇವತ್ತು ನಾವು ಬಲ್ಲೆವಾದರೆ ಯಾರೋ ಪ್ರತಿಗಳನ್ನು ಜೋಪಾನ ಮಾಡಿದ್ದರಿಂದ. ಮಿಷನ್ನಿನವರು ಕಾಗದಪತ್ರಗಳನ್ನು ಬಾಸೆಲ್‌ಗೆ ಕಳಿಸಿ ಕಾದಿಟ್ಟರು, ಬಲ್ಮಠದಲ್ಲೂ ಸಂಗ್ರಹವಿದೆ. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರಂಥವರು ಆ ಕಾಲದ ಕಾಗದಗಳನ್ನು ಒಂದೊಂದಾಗಿ ಹುಡುಕಿ ಓದಿ ನಮಗೆ ಕಥೆ ಕಟ್ಟಿಕೊಟ್ಟರು. ಮೋಗ್ಲಿಂಗರ ಜೊತೆಗಾರ ಹೆರ್ಮನ್ ಗುಂಡರ್ಟ್ ಉಳಿಸಿದ ಸಂಗ್ರಹವನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಜಾಲಕ್ಕೆ ತಂದಿತು. ನೂರೆಂಬತ್ತು ವರ್ಷದ ಹಿಂದಿನ ಕಾಗದ ಓದಲು ಸಿಗುತ್ತದೆ.

ಇಪ್ಪತ್ತು ವರ್ಷದ ಹಿಂದಿನ ಕನ್ನಡ ಬ್ಲಾಗ್ ಸಿಗುತ್ತದೆಯೇ? ಬಲ್ಮಠದ ಚರ್ಚಿನ ಮುಂದಿನ ಕಟ್ಟೆಯ ಮೇಲೆ ಮಳೆ ಬಿಡುವುದನ್ನು ಕಾಯುತ್ತ ಫೋನಿನಲ್ಲಿ ಹಳೆಯ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. 2005ರಿಂದ 2010ರ ನಡುವೆ ನಾನು ದಿನಾ ಓದುತ್ತಿದ್ದ ಬ್ಲಾಗುಗಳು. ಕೆಲವು ತೆರೆದವು, ಕೊನೆಯ ಬರಹದ ಕೆಳಗೆ ಆಗಿನ ಗೆಳೆಯರ ಮಾತುಗಳು ಹಾಗೇ ಇದ್ದವು. ಹಲವು ತೆರೆಯಲೇ ಇಲ್ಲ. ಒಂದು ಉಚಿತ ಜಾಲತಾಣ ಸೇವೆ ಮುಚ್ಚಿದಾಗ ಅದರ ಜೊತೆ ಹೋದವು ಕೆಲವು, ವಿಳಾಸದ ವಾರ್ಷಿಕ ಬಾಡಿಗೆ ಕಟ್ಟುವವರಿಲ್ಲದೆ ಹೋದವು ಕೆಲವು. ಇನ್ನು ಕೆಲವುಗಳ ಗತಿ ಬೇರೆ ತರಹ: ಪುಟ ತೆರೆಯುತ್ತದೆ, ಅಕ್ಷರ ಓದಲಾಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಮೂಡಿದ್ದು ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಹೊತ್ತು ಬಂದ ಮೇಲೆ, 2001ರಲ್ಲಿ. ಅದಕ್ಕೂ ಮುಂಚೆ, ಆಮೇಲೂ ಎಷ್ಟೋ ವರ್ಷ, ಒಬ್ಬೊಬ್ಬರದು ಒಂದೊಂದು ಫಾಂಟು. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಹಾಕಿ ಬರೆಯುತ್ತಿದ್ದರು. ಆ ಫಾಂಟು ಕಳಚಿಬಿದ್ದರೆ ಉಳಿಯುವುದು ಚಿಹ್ನೆಗಳ ರಾಶಿ. ಬರೆದವರು ಎಷ್ಟು ಪ್ರೀತಿಯಿಂದ ಬರೆದಿದ್ದರೆಂದು ನನಗೆ ಗೊತ್ತು. ಅಮ್ಮನ ಅಡುಗೆ, ಊರ ಕೆರೆ, ಮೊದಲ ಸಂಬಳ, ಅಮೆರಿಕದ ಮೊದಲ ಚಳಿಗಾಲ. ಆ ಹೊತ್ತಿನ ಕನ್ನಡಿಗರ ಮನೆಮಾತು ಅಲ್ಲಿತ್ತು. ಯಾವ ಪತ್ರಿಕೆಯಲ್ಲೂ ಅದು ಹಾಗೆ ಅಚ್ಚಾಗಿಲ್ಲ.

ಬಲ್ಮಠದಿಂದ ಬಾವುಟಗುಡ್ಡೆಗೆ ನಡೆದೇ ಹೋಗಬಹುದು. ಗುಡ್ಡದ ಮೇಲೆ ಹಳೇ ದೀಪಸ್ತಂಭ. ಅಲ್ಲಿಂದ ಮಳೆ ಹೊಳವಾದಾಗ ಸಮುದ್ರ ಕಾಣುತ್ತದೆ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತರ ದಂಡು ಕಂಪನಿಯವರನ್ನು ಓಡಿಸಿ ಮಂಗಳೂರನ್ನು ಹಿಡಿದು ಇಲ್ಲಿ ಬಾವುಟ ಏರಿಸಿತ್ತು. ಎರಡು ವಾರಕ್ಕೆ ಮುಂಚೆಯೇ ಕಂಪನಿ ಸೇನೆ ಊರನ್ನು ಮರಳಿ ಪಡೆಯಿತು, ನಾಯಕರನ್ನು ಗಲ್ಲಿಗೇರಿಸಿತು. ಆ ದಂಗೆಯ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಿಂದ ಇಲ್ಲಿ ನಿಂತಿದೆ.

ಈ ಗುಡ್ಡದ ಮೇಲೆ ನಿಂತಾಗ ತಾರೀಕುಗಳು ಒಂದಕ್ಕೊಂದು ಕೂಡಿಕೊಂಡವು. ಪತ್ರಿಕೆ ತೆರೆಯಲು ಪರವಾನಗಿ ಬೇಕೆಂಬ ಕಟ್ಟಳೆಯನ್ನು ಚಾರ್ಲ್ಸ್ ಮೆಟ್‌ಕಾಫ್ ತೆಗೆದುಹಾಕಿದ್ದು 1835ರಲ್ಲಿ. ಎರಡೇ ವರ್ಷಕ್ಕೆ ಇಲ್ಲಿ ದಂಗೆ. ಅದಾಗಿ ಆರು ವರ್ಷಕ್ಕೆ ಕನ್ನಡದ ಮೊದಲ ಪತ್ರಿಕೆ. 1857ರಲ್ಲಿ ಮತ್ತೆ ಪರವಾನಗಿ ಬಂತು. 1878ರಲ್ಲಿ ದೇಶಭಾಷೆಯ ಪತ್ರಿಕೆಗಳಿಗೇ ಬೇರೆ ಕಾಯ್ದೆ ಬಂತು. ಆಳುವವರಿಗೆ ಜನರ ಮಾತು ಜನರ ಭಾಷೆಯಲ್ಲಿ ಅಚ್ಚಾಗುವುದು ಯಾವಾಗಲೂ ಕಿರಿಕಿರಿ. 2006ರ ಜುಲೈಯಲ್ಲಿ ಮುಂಬೈ ರೈಲುಗಳಲ್ಲಿ ಬಾಂಬ್ ಸಿಡಿದ ಬೆನ್ನಿಗೇ ಕೇಂದ್ರ ಸರ್ಕಾರ ಹದಿನೇಳು ಹದಿನೆಂಟು ಪುಟಗಳನ್ನು ತಡೆಯಲು ಆದೇಶ ಕೊಟ್ಟಿತು. ಸೇವೆ ಕೊಡುವ ಕಂಪನಿಗಳು ಬೇರ್ಪಡಿಸುವ ಗೊಡವೆಗೆ ಹೋಗದೆ ಬ್ಲಾಗ್‌ಸ್ಪಾಟ್ ಪೂರ್ತಿಯನ್ನೇ ಮುಚ್ಚಿಬಿಟ್ಟವು. ಕೆಲವು ದಿನ ದೇಶದ ಬ್ಲಾಗಿಗರಿಗೆ ತಮ್ಮ ಬರಹವೇ ತಮಗೆ ಕಾಣಲಿಲ್ಲ. ಇದೇ ಮಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆದು, ಗೋಲಿಬಾರಿನಲ್ಲಿ ಇಬ್ಬರು ಸತ್ತು, ಮೊಬೈಲ್ ಇಂಟರ್ನೆಟ್ ನಿಂತಿತ್ತು. ಗಾಳಿಸುದ್ದಿ ತಡೆಯಲು ಎಂಬುದು ಇಂಥ ಆದೇಶಗಳಿಗೆ ಯಾವತ್ತೂ ಕೊಡುವ ಕಾರಣ. ನನ್ನ ಅಭಿಪ್ರಾಯ ಖಚಿತ: ಜಾಲ ಕಡಿದರೆ ಗಾಳಿಸುದ್ದಿ ಬಾಯಿಂದ ಬಾಯಿಗೆ ಹೋಗಿಯೇ ಹೋಗುತ್ತದೆ, ಅದನ್ನು ಸುಳ್ಳೆಂದು ಹೇಳಬಲ್ಲವರ ಬಾಯಿ ಮಾತ್ರ ಕಟ್ಟುತ್ತದೆ. ‘ಕಿರಿಕಿರಿಯಾಗುವ’ ಸಂದೇಶ ಕಳಿಸಿದವರನ್ನು ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿದಾಗ ಬ್ಲಾಗ್ ಬರೆಯುವ ಎಲ್ಲ ಗೆಳೆಯರಿಗೂ ನಾನು ಫೋನ್ ಮಾಡಿದ್ದೆ.

ಮಾರನೇ ದಿನ ಪುತ್ತೂರಿಗೆ ಬಸ್ಸು. ಬಂಟ್ವಾಳದ ಹತ್ತಿರ ನೇತ್ರಾವತಿ ಕೆಂಪಾಗಿ, ದಡ ತುಂಬಿ ಹರಿಯುತ್ತಿತ್ತು. ಮಾಣಿಯಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಅಡಿಕೆ ತೋಟಗಳ ಸಾಲು. ಕೊಳೆರೋಗ ಬಾರದಿರಲಿ ಎಂದು ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲ. ಪಕ್ಕದಲ್ಲಿ ಕೂತ ಹಿರಿಯರು, ನಾನು ಬಾಲವನಕ್ಕೆ ಎಂದ ಕೂಡಲೇ, “ಕಾರಂತಜ್ಜನಲ್ಲಿಗಾ?” ಎಂದರು. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಪುತ್ತೂರು ಬಿಟ್ಟದ್ದು ಅದಕ್ಕೂ ಎಷ್ಟೋ ಮುಂಚೆ. ಆದರೂ ಅವರು ಮನೆಯಲ್ಲೇ ಇದ್ದಾರೇನೋ ಎಂಬಂತೆ ಕೇಳಿದ್ದು ನನಗೆ ಬಹಳ ಇಷ್ಟವಾಯಿತು.

ಪರ್ಲಡ್ಕದ ಗುಡ್ಡದ ಮೇಲೆ ಬಾಲವನ. ಕಾರಂತರ ಮನೆ, ನಾಟ್ಯಶಾಲೆ, ಮಕ್ಕಳು ಓಡಾಡುವ ಜಾಗ. ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬ್ಲಾಗಿಗರಿಗೆ ಪೂರ್ವಜರು ಎಂದು ಯಾರನ್ನಾದರೂ ಕರೆಯುವುದಾದರೆ ನಾನು ಕರೆಯುವುದು ಇವರನ್ನು. ಕಾದಂಬರಿಕಾರರೆಂದು ಲೋಕ ಅವರನ್ನು ಬಲ್ಲದು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂತು. ನನ್ನನ್ನು ಹಿಡಿದಿಟ್ಟದ್ದು ಇನ್ನೊಬ್ಬ ಕಾರಂತರು. ನಕ್ಷತ್ರ ಹೇಗೆ ಹುಟ್ಟುತ್ತದೆ, ತಿಮಿಂಗಿಲ ಹೇಗೆ ಉಸಿರಾಡುತ್ತದೆ, ಗಾಜು ಹೇಗೆ ಮಾಡುತ್ತಾರೆ ಎಂದು ಮಕ್ಕಳಿಗೆ ಹೇಳಲು ಕನ್ನಡದಲ್ಲಿ ಪುಸ್ತಕವಿಲ್ಲವಲ್ಲ ಎಂದು ಕಂಡಾಗ, ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಕೂತು ಬರೆದವರು. ಅದು 1930ರ ದಶಕ. ಮುಂದೆ ದೊಡ್ಡವರಿಗೆಂದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ಬರೆದದ್ದನ್ನು ಯಾರೋ ಅಚ್ಚು ಹಾಕಲಿ ಎಂದು ಕಾಯದೆ ಪುತ್ತೂರಿನಲ್ಲೇ ಮುದ್ರಣಾಲಯ ಇಟ್ಟರು. ಚಿತ್ರ ಬರೆದರು, ಹೆಣಗಿ ಮಾರಿದರು, ಸಾಲ ಮಾಡಿದರು.

ಆ ಸಂಪುಟಗಳನ್ನು ತಿರುವಿದವರಿಗೆ ಗೊತ್ತು, ಅದು ಸಮಿತಿಯೊಂದು ತೂಗಿ ಅಳೆದು ಕಟ್ಟಿದ ವಿಶ್ವಕೋಶವಲ್ಲ. ಒಬ್ಬ ಮನುಷ್ಯನ ಕುತೂಹಲ ಎಲ್ಲಿಗೆ ಎಳೆಯಿತೋ ಅಲ್ಲಿ ಪುಟ ಹೆಚ್ಚಾಗಿದೆ. ನನಗೆ ಅದೇ ಅದರ ಬೆಲೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಅದಕ್ಕೆ ಬರೆಯಲು ಕೂತ ಕೆಲವೇ ಕೆಲವರ ಕೈಯಲ್ಲೂ ಇದೇ ಹಟ ಇತ್ತು. ಯಾರೂ ಸಂಬಳ ಕೊಡುವುದಿಲ್ಲ, ಹೆಸರೂ ಮೇಲೆ ಬರುವುದಿಲ್ಲ. ಆದರೂ ರಾತ್ರಿ ಊಟವಾದ ಮೇಲೆ ಕೂತು ಒಂದು ಕಪ್ಪೆಯ ಬಗ್ಗೆಯೋ ಒಂದು ಕೋಟೆಯ ಬಗ್ಗೆಯೋ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸುವುದು. ಇಂಥವರು ಇಲ್ಲದಿದ್ದರೆ ಕನ್ನಡದ ಮಗು ತಿಳಿವಳಿಕೆಗೆ ಬೇರೆ ಭಾಷೆಯ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಕಾರಂತರು ರಾಜಕೀಯದಿಂದ ದೂರ ಕೂತು ಬರೆದವರಲ್ಲ. ತುರ್ತುಪರಿಸ್ಥಿತಿ ಹೇರಿದಾಗ ಪದ್ಮಭೂಷಣ ಹಿಂದಿರುಗಿಸಿದರು. ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಬರೆದರು, ಸುತ್ತಿದರು, ಮಾತಾಡಿದರು. ಸಾಲದೆಂದು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಸ್ಥಾವರವೂ ಎದ್ದಿತು. ಆದರೆ ಬರೆದ ಮಾತಿಗೆ ತನ್ನ ಮೈಯನ್ನೇ ಜಾಮೀನು ಇಡುವುದು ಎಂದರೆ ಏನೆಂದು ಆ ಚುನಾವಣೆ ತೋರಿಸಿತು. ಈಗ ದಿನಕ್ಕೆ ಹತ್ತು ರಾಜಕೀಯ ಅಭಿಪ್ರಾಯ ಹಂಚಿ, ಮಾರನೇ ದಿನಕ್ಕೆ ಅವನ್ನು ಅಳಿಸಿಬಿಡುವವರನ್ನು ಕಾಣುವಾಗ ನನಗೆ ಈ ಅಜ್ಜ ನೆನಪಾಗುತ್ತಾರೆ. ಬಾಲವನದ ಮನೆಯ ಜಗಲಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಮಕ್ಕಳನ್ನು ಸಾಲಾಗಿ ಕೂರಿಸಿ ಕಾರಂತರು ಹಾರಿಸಿದ ವಿಮಾನದ ಕಥೆಯೊಂದನ್ನು ಹೇಳುತ್ತಿದ್ದರು. ಅದು ನಿಜವೋ ಕಟ್ಟಿದ್ದೋ ಎಂದು ಒಬ್ಬ ಹುಡುಗಿ ಕೇಳಿದಳು. “ಹುಡುಕಿ ನೋಡಿ ನೀನೇ ಬಂದು ಹೇಳು” ಎಂದರು ಮೇಷ್ಟ್ರು. ಕಾರಂತರ ಮನೆಗೆ ತಕ್ಕ ಉತ್ತರ.

ಪುತ್ತೂರಿನಿಂದ ಉಪ್ಪಿನಂಗಡಿಗೆ, ನೇತ್ರಾವತಿ–ಕುಮಾರಧಾರಾ ಕೂಡುವಲ್ಲಿ ಒಂದು ಲೋಟ ಚಹಾ, ಅಲ್ಲಿಂದ ಗುರುವಾಯನಕೆರೆ ಮೇಲಾಗಿ ಕಾರ್ಕಳ. ಕಾರ್ಕಳದಿಂದ ಪಡುಬಿದ್ರಿಯ ದಾರಿಯಲ್ಲಿ ಬೆಳ್ಮಣ್ಣಿನ ಸಮೀಪ ನಂದಳಿಕೆ. ಹಸಿರು ಗದ್ದೆ, ದೇವಸ್ಥಾನ, ಮುದ್ದಣನ ಹೆಸರು ಹೊತ್ತ ಫಲಕಗಳು. ಮುದ್ದಣನೆಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ, ಕ್ಷಯದಿಂದ ತೀರಿದ್ದು 1901ರಲ್ಲಿ. ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮ ಕಲಿಸುತ್ತಿದ್ದ ಬಡ ಮೇಷ್ಟ್ರು. ಮೈಸೂರಿನಿಂದ ಬರುತ್ತಿದ್ದ ಪತ್ರಿಕೆಗೆ ತನ್ನ ಕಾವ್ಯಗಳನ್ನು ಕಳಿಸುವಾಗ, ಇವು ತನಗೆ ಸಿಕ್ಕ ಹಳೆಯ ಓಲೆಗರಿಯ ಕೃತಿಗಳು ಎಂದು ಬರೆದ. ಸಂಪಾದಕರು ನಂಬಿ ಅಚ್ಚು ಹಾಕಿದರು. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’. ಬರೆದವನು ಈ ಮೇಷ್ಟ್ರೇ ಎಂದು ನಾಡಿಗೆ ಗೊತ್ತಾದದ್ದು ಅವನು ಸತ್ತ ಮೇಲೆ.

ಗುಟ್ಟಾಗಿ ಬರೆಯುವವರ ಸಂಕಟವನ್ನು ನಾನು ಬ್ಲಾಗುಗಳ ಲೋಕದಲ್ಲಿ ಹತ್ತಿರದಿಂದ ಕಂಡಿದ್ದೇನೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು, ಗಂಡನ ಮನೆಯಲ್ಲಿ ಬರೆಯುವುದನ್ನು ಹೇಳಿಕೊಳ್ಳಲಾರದ ಹೆಣ್ಣುಮಕ್ಕಳು, ತಮ್ಮ ಜಾತಿಯ ಬಗ್ಗೆ ಮೊದಲ ಸಲ ಬಾಯಿಬಿಟ್ಟು ಬರೆದ ಹುಡುಗರು ಎಲ್ಲ ಒಂದು ಸುಳ್ಳು ಹೆಸರಿನ ನೆರಳಿನಲ್ಲಿ ನಿಜ ಬರೆದರು. ಹೆಸರು ಮರೆಸಿಕೊಂಡವರನ್ನೆಲ್ಲ ಹೇಡಿಗಳೆನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈಗ ಮುಖವಿಲ್ಲದ ಖಾತೆಗಳಿಂದ ಹೆಣ್ಣುಮಕ್ಕಳನ್ನು ಹೀಯಾಳಿಸುವ, ಬೆದರಿಸುವ ಪಡೆಗಳೂ ಇವೆ. ಅವರು ಬೇರೆ ಬಗೆಯವರು. ತನ್ನ ಕೃತಿಯನ್ನು ಕೃತಿಯಾಗಿಯೇ ಓದಲಿ ಎಂದು ಮರೆಯಾದವನು ಮುದ್ದಣ. ಇನ್ನೊಬ್ಬರಿಗೆ ಕಲ್ಲು ಹೊಡೆಯಲು ಮರೆಯಾದವರನ್ನು ಅವನ ಪಕ್ಕ ನಿಲ್ಲಿಸಬಾರದು.

‘ರಾಮಾಶ್ವಮೇಧ’ದಲ್ಲಿ ಕಥೆಗಿಂತ ಹೆಚ್ಚಾಗಿ ಜನ ನೆನಪಿಟ್ಟಿರುವುದು ಮನೋರಮೆಯನ್ನು. ಗಂಡ ಕಥೆ ಹೇಳುತ್ತಾನೆ, ಅವಳು ಮಧ್ಯೆ ಬಾಯಿ ಹಾಕುತ್ತಾಳೆ. ಅರ್ಥವಾಗುವಂತೆ ಹೇಳು ಎನ್ನುತ್ತಾಳೆ, ಕೀಟಲೆ ಮಾಡುತ್ತಾಳೆ, ಮುನಿಸಿಕೊಳ್ಳುತ್ತಾಳೆ. ಓದುಗರನ್ನು ಬರಹದ ಒಳಗೇ ತಂದು ಕೂರಿಸಿದ ಕವಿ ಅವನು. ಬ್ಲಾಗುಗಳ ಒಳ್ಳೆಯ ಕಾಲದಲ್ಲಿ ನಮಗೆ ಸಿಕ್ಕಿದ್ದು ಇದೇ ಸುಖ: ಮುಖ್ಯ ಬರಹಕ್ಕಿಂತ ಅದರ ಕೆಳಗಿನ ಮಾತುಕತೆ ಸೊಗಸಾಗಿರುತ್ತಿತ್ತು. ಈಗ ಸಿಗುವ ಹೆಬ್ಬೆರಳಿನ ಚಿತ್ರ ಅದಕ್ಕೆ ಸಾಟಿಯಲ್ಲ.

ಕೊನೆಗೆ ಮಣಿಪಾಲ, ಉಡುಪಿ. ಇಲ್ಲಿ ಹೇಳಬೇಕಾದದ್ದು ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರ ಬಗ್ಗೆ. ಮುದ್ರಣ ಕ್ಷೇತ್ರದಲ್ಲಿ ದುಡಿದು, ಅಕ್ಷರ ವಿನ್ಯಾಸದಲ್ಲಿ ಮುಳುಗಿ, ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬರೆಯುವ ದಾರಿ ಕಂಡುಕೊಂಡವರು. ನುಡಿ ತಂತ್ರಾಂಶದಲ್ಲಿ ನಾವು ಬಳಸುವ ವಿನ್ಯಾಸ ಅವರದ್ದು. ಅದರ ಒಳಗಿನ ಯೋಚನೆ ಅಂಗೈಯಷ್ಟು ಸಣ್ಣದು: ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಎರಡು ವ್ಯಂಜನಗಳನ್ನು ಬೆಸೆಯಲು ‘ಎಫ್’ ಕೀಲಿ. ‘ಕ’ ಒತ್ತಿ, ‘ಎಫ್’ ಒತ್ತಿ, ‘ಷ’ ಒತ್ತಿದರೆ ‘ಕ್ಷ’. ನೂರಾರು ಅಚ್ಚುಮೊಳೆಗಳ ಕೆಲಸವನ್ನು ಆ ಒಂದು ಬೆಸುಗೆಯ ಕೀಲಿ ಮಾಡಿತು. ಅದನ್ನು ಅವರು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. 1998ರಲ್ಲಿ ಶೇಷಾದ್ರಿವಾಸು ಬರಹ ತಂತ್ರಾಂಶ ತಂದಾಗ, ಅದಕ್ಕೂ ಮುಂಚೆ 1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ ಜಾಲತಾಣ ತೆರೆದಾಗ, ಅವರಿಗೂ ಲಾಭದ ಲೆಕ್ಕ ಮುಂದಿರಲಿಲ್ಲ. ಇವರೆಲ್ಲ ದಾರಿ ಕಡಿಯದಿದ್ದರೆ ನಾನು ಈ ಸಾಲು ಬರೆಯುತ್ತಿರಲಿಲ್ಲ. ಕರಾವಳಿಯಲ್ಲಿ ಆ ಕೆಲಸ ಇನ್ನೂ ನಡೆದಿದೆ: ತುಳು ವಿಕಿಪೀಡಿಯ 2016ರಲ್ಲಿ ತೆರೆಯಿತು, ತುಳು–ತಿಗಳಾರಿ ಲಿಪಿಗೆ 2024ರಲ್ಲಿ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತು.

ಉಡುಪಿಯ ರಥಬೀದಿಯ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತ ಒಬ್ಬ ಹಳೇ ಬ್ಲಾಗಿಗ ಗೆಳತಿಯನ್ನು ಭೇಟಿಯಾದೆ. ಹತ್ತು ವರ್ಷದಿಂದ ಅವಳು ಬರೆದಿಲ್ಲ. “ಯಾರು ಓದುತ್ತಾರೆ ಈಗ” ಎಂದಳು. ಅವಳ ಬ್ಲಾಗ್ ಇನ್ನೂ ತೆರೆಯುತ್ತದೆ ಎಂದು ತೋರಿಸಿದೆ. ತನ್ನ ಅಜ್ಜಿ ಹೇಳಿದ ಆಟಿ ತಿಂಗಳ ಅಡುಗೆಗಳ ಬಗ್ಗೆ ಅವಳು ಬರೆದ ಸರಣಿ ಅದರಲ್ಲಿದೆ. ಅಜ್ಜಿ ಈಗಿಲ್ಲ. ಅವಳು ಒಂದೊಂದೇ ಬರಹವನ್ನು ನಿಧಾನವಾಗಿ ಓದಿ, “ಕಣಿಲೆಯದ್ದು ನನಗೇ ಮರೆತುಹೋಗಿತ್ತು” ಎಂದಳು. ಆ ಸಂಜೆಯೇ ಇಬ್ಬರೂ ಕೂತು ಅದರ ಪ್ರತಿ ತೆಗೆದೆವು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂಬಲ್ಲಿ ಒತ್ತಿದಾಗ ಬರಹಗಳೆಲ್ಲ ಒಂದೇ ಕಡತವಾಗಿ ಇಳಿದವು. ಚಿತ್ರಗಳನ್ನು ಬೇರೆಯಾಗಿ ಉಳಿಸಿದೆವು. ಒಂದು ಪ್ರತಿ ಅವಳ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಪ್ರತಿ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೂ ಕೊಟ್ಟೆವು.

ನಿಮ್ಮದೂ ಒಂದು ಹಳೆಯ ಕನ್ನಡ ಬ್ಲಾಗ್ ಎಲ್ಲಾದರೂ ಇದ್ದರೆ, ಅದು ಎಷ್ಟೇ ಸಣ್ಣದಿರಲಿ, ದಯವಿಟ್ಟು ಹೀಗೆಯೇ ಮಾಡಿ. ಹಳೇ ಫಾಂಟಿನಲ್ಲಿ ಬರೆದಿದ್ದರೆ ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಬಳಸಿ. ತೀರಿಹೋದ ಗೆಳೆಯರ ಬ್ಲಾಗ್ ಇದ್ದರೆ ಅವರ ಮನೆಯವರನ್ನು ಕೇಳಿ ಉಳಿಸಿ. ಮುಚ್ಚುವ ಕಂಪನಿಗಳು ಕೆಲವು ತಿಂಗಳ ಮುನ್ಸೂಚನೆ ಕೊಡುತ್ತವೆ, ಆದರೆ ಆ ಸೂಚನೆ ಬರುವುದು ನಾವು ತೆರೆಯದೆ ಬಿಟ್ಟ ಹಳೇ ಇಮೇಲ್ ವಿಳಾಸಕ್ಕೆ.